ಬೆಳಗಿನ ಓಟಕ್ಕೆ ಬೀದಿಯ ಕೆಲಸ ಕಟ್ಟಿಕೊಳ್ಳುವುದು ಹೇಗೆ?

ಪ್ರಶ್ನೆ: ನಾನು ಮೈಸೂರಿನ ಕುವೆಂಪುನಗರದವಳು. ವಯಸ್ಸು 38, ಶಾಲೆಯಲ್ಲಿ ಟೀಚರ್. ಮೂರು ವರ್ಷದಿಂದ ವಾರಕ್ಕೆ ನಾಲ್ಕು ದಿನ ಓಡುತ್ತಿದ್ದೇನೆ, ಹೆಚ್ಚಾಗಿ ಕುಕ್ಕರಹಳ್ಳಿ ಕೆರೆಯ ಸುತ್ತ. ಈ ವರ್ಷ ಹಾಫ್ ಮ್ಯಾರಥಾನ್ ಓಡುವ ಆಸೆ ಇದೆ. ನಮ್ಮತ್ತೆ ಮಾತ್ರ "ಇಷ್ಟು ಓಡಿ ಯಾರಿಗೇನು ಉಪಯೋಗ?" ಅಂತ ಕೇಳ್ತಾನೇ ಇರ್ತಾರೆ. ತಮಾಷೆಗೇ ಕೇಳೋದು, ಆದರೂ ಅದು ತಲೆಯಲ್ಲಿ ಕೂತುಬಿಟ್ಟಿದೆ. ನಾವು ಐದು ಜನ ಗೆಳತಿಯರು ಓಟದ ಜೊತೆಗೇ ಬಡಾವಣೆಗೂ ಏನಾದರೂ ಮಾಡೋಣ ಅಂತ ಒಂದು ಭಾನುವಾರ ಪ್ಲಾಗಿಂಗ್ (ಓಟದ ಜೊತೆ ಕಸ ಹೆಕ್ಕುವುದು) ಮಾಡಿದೆವು. ನನಗೆ ಸೊಂಟ ಹಿಡಿಯಿತು. ಎರಡನೇ ವಾರ ಬಂದವರು ಇಬ್ಬರೇ. ಪ್ರ್ಯಾಕ್ಟೀಸ್ ಕೆಡದ ಹಾಗೆ, ನಡುವೆ ನಿಂತುಹೋಗದ ಹಾಗೆ ಏನು ಮಾಡಬಹುದು?

ಉತ್ತರ: ನಿಮ್ಮ ಸೊಂಟದಿಂದಲೇ ಶುರು ಮಾಡೋಣ. ಅದರ ಕಾರಣ ಸುಲಭ, ಪರಿಹಾರವೂ ಸುಲಭ. ಆ ಭಾನುವಾರ ನೀವು ಮೊದಲು ಓಡಿ, ಆಮೇಲೆ ಬಗ್ಗಿ ಬಗ್ಗಿ ಕಸ ಎತ್ತಿರಬೇಕು. ಅದೂ ಒಂದೇ ಕೈಯಲ್ಲಿ ಚೀಲ ಹಿಡಿದು. ಓಡಿ ದಣಿದ ಕಾಲು ಕುಕ್ಕರಗಾಲಲ್ಲಿ ಕೂರಲು ಒಪ್ಪೋದಿಲ್ಲ. ಮಂಡಿ ಮಡಿಸುವ ಬದಲು ಬೆನ್ನು ಬಗ್ಗುತ್ತದೆ. ಅರ್ಧ ಗಂಟೆಯಲ್ಲಿ ನೂರಿನ್ನೂರು ಸಲ ಹಾಗೆ ಬಗ್ಗಿದರೆ ಯಾರ ಸೊಂಟವಾದರೂ ಹಿಡಿಯುತ್ತದೆ. ಗದ್ದೆಯಲ್ಲಿ ನಾಟಿ ಹಾಕುವ ಹೆಂಗಸರನ್ನು ಕೇಳಿ ನೋಡಿ, ಹೇಳ್ತಾರೆ.

ಮುಂದಿನ ಸಲ ಉದ್ದನೆಯ ಇಕ್ಕಳ ತಗೊಳ್ಳಿ. ನಿಂತುಕೊಂಡೇ ಎತ್ತುವಂಥದ್ದು ಆನ್‌ಲೈನ್‌ನಲ್ಲಿ ಸಿಗುತ್ತದೆ. ಹತ್ತು ನಿಮಿಷಕ್ಕೊಮ್ಮೆ ಚೀಲದ ಕೈ ಬದಲಿಸಿ. ಇಕ್ಕಳ ಇಲ್ಲದಿದ್ದರೆ ಒಂದು ಕಾಲು ಮುಂದಿಟ್ಟು, ಮಂಡಿ ಮಡಿಸಿ ಕೂತು ಎತ್ತಿ. ಸೊಂಟದ ವಿಷಯ ಇಷ್ಟೇ.

ಎರಡನೇ ವಾರ ಮೂವರು ಬರಲಿಲ್ಲ ಅಂದಿರಲ್ಲ, ಅದು ಸೊಂಟಕ್ಕಿಂತ ದೊಡ್ಡ ವಿಷಯ. ಇಪ್ಪತ್ತು ವರ್ಷದಿಂದ ಬೆಂಗಳೂರಿನಲ್ಲಿ ಓಟ ಕಲಿಸುತ್ತಿದ್ದೇನೆ. ಹೀಗೆ ಶುರುವಾಗಿ ನಿಂತುಹೋದ ಗುಂಪುಗಳು ನನ್ನ ಲೆಕ್ಕದಲ್ಲೇ ಹತ್ತಕ್ಕಿಂತ ಜಾಸ್ತಿ ಇವೆ. ಜನ ಸೋಮಾರಿಗಳು ಅಂತ ಸುಮ್ನೆ ಬೈಯ್ಯೋದು ಬೇಡ. ಬೆಳಿಗ್ಗೆ ಐದಕ್ಕೆ ಎದ್ದು ಓಡುವವರು ಸೋಮಾರಿಗಳಾಗಿರುವುದಿಲ್ಲ. ಆ ಕೆಲಸವನ್ನು ಅವರಿಂದ ಯಾರೂ ಕೇಳಿರಲಿಲ್ಲ, ಅದೇ ತೊಂದರೆ. ಅವರು ಬರದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ನಮ್ಮದೇ ಕಥೆ ಹೇಳ್ತೀನಿ. ಕೆಲವು ವರ್ಷದ ಹಿಂದೆ ನಮ್ಮ ಗುಂಪಿನ ಮೂವತ್ತು ಜನ ಒಂದು ಕೆರೆ ದಂಡೆಯಲ್ಲಿ ಭಾನುವಾರ ಬೆಳಿಗ್ಗೆ ಹದಿನಾಲ್ಕು ಚೀಲ ಕಸ ಎತ್ತಿದೆವು. ಚೀಲಗಳನ್ನು ಗೇಟಿನ ಪಕ್ಕ ಸಾಲಾಗಿ ಇಟ್ಟೆವು, ಫೋಟೋ ತೆಗೆದೆವು, ದೋಸೆ ತಿನ್ನೋಕೆ ಹೋದೆವು. ಸೋಮವಾರ ನಾನು ಅದೇ ದಾರಿಯಲ್ಲಿ ಓಡುತ್ತಿದ್ದೆ. ರಾತ್ರಿ ನಾಯಿಗಳು ಚೀಲ ಹರಿದಿದ್ದವು, ಹಸು ಬಂದು ಮಿಕ್ಕಿದ್ದನ್ನು ಎಳೆದಾಡಿತ್ತು. ಪೌರಕಾರ್ಮಿಕ ಹೆಂಗಸೊಬ್ಬರು ಮತ್ತೆ ಎಲ್ಲಾ ಗುಡಿಸುತ್ತಿದ್ದರು. ನನ್ನ ಟೀ ಶರ್ಟ್ ನೋಡಿ ಗುರುತು ಹಿಡಿದರು. "ನಿಮ್ಮೋರೇ ಅಲ್ವಾ ಸಾರ್ ಎತ್ತಿದ್ದು? ಒಂದ್ ಮಾತು ಹೇಳಿದ್ರೆ ಗಾಡೀನ ಇಲ್ಲಿಗೇ ಕಳಿಸ್ತಿದ್ರು. ಈಗ ನೋಡಿ, ನನಗೆ ಎರಡು ಸಲ ಕೆಲಸ." ನಾನು ಅವರ ಜೊತೆ ನಿಂತು ಮುಕ್ಕಾಲು ಗಂಟೆ ಗುಡಿಸಿದೆ. ಆವತ್ತು ಇಂಟರ್ವಲ್ (ಜೋರು ಓಟ, ನಿಧಾನ ಓಟ ಒಂದಾದ ಮೇಲೊಂದು) ಮಾಡಬೇಕಿತ್ತು, ಹೋಯ್ತು.

ಆಮೇಲಿಂದ ನಮ್ಮಲ್ಲಿ ಒಂದೇ ನಿಯಮ. ಯಾರೋ ಒಬ್ಬರು ಕೇಳದ ಕೆಲಸವನ್ನು ಮಾಡುವುದಿಲ್ಲ. ಕೇಳುವವರು ಪೌರಕಾರ್ಮಿಕರಿರಬಹುದು, ಒಂಟಿಯಾಗಿರುವ ಅಜ್ಜಿ ಇರಬಹುದು, ಶಾಲೆಯ ಹೆಡ್ ಮಾಸ್ಟರ್ ಇರಬಹುದು. ನೀವು ಹೋಗದಿದ್ದರೆ "ಯಾಕೆ ಬರಲಿಲ್ಲ?" ಅಂತ ಕೇಳುವ ಒಬ್ಬ ಮನುಷ್ಯ ಆ ಕಡೆ ಇರಬೇಕು, ಅಷ್ಟೇ.

ಇದು ನನ್ನ ಸ್ವಂತ ಸಂಶೋಧನೆಯೇನಲ್ಲ. ಲಂಡನ್ನಿನಲ್ಲಿ ಗುಡ್‌ಜಿಮ್ ಅಂತ ಒಂದು ಸಂಸ್ಥೆ ಇದೆ. ಐವೋ ಗಾರ್ಮ್ಲಿ ಎನ್ನುವವರು 2009ರ ಹೊತ್ತಿಗೆ ಪೂರ್ವ ಲಂಡನ್ನಿನಲ್ಲಿ ಶುರು ಮಾಡಿದ್ದು. ಅವರಿಗೆ ಜಿಮ್ ಅಂದರೆ ಬೇಜಾರು. ಓಡಬೇಕು ಅಂದುಕೊಂಡರೂ ಆಗುತ್ತಿರಲಿಲ್ಲ. ಪರಿಚಯದ ವೃದ್ಧರೊಬ್ಬರು ಮನೆಯಿಂದ ಹೊರಗೆ ಬರಲಾಗದೆ ಇದ್ದರು. ಆ ತಾತನಿಗೆ ಪೇಪರ್ ಕೊಟ್ಟುಬರುವ ಕೆಲಸವನ್ನು ಗಾರ್ಮ್ಲಿ ಹಚ್ಚಿಕೊಂಡರು, ಅವರ ಮನೆವರೆಗೆ ಓಡಿಕೊಂಡೇ ಹೋಗಿ. ತಾತ ಕಾಯ್ತಿರ್ತಾರೆ ಅನ್ನುವ ಒಂದೇ ಕಾರಣಕ್ಕೆ ಓಟ ತಪ್ಪಲಿಲ್ಲ. ಗುಡ್‌ಜಿಮ್‌ನಲ್ಲಿ ಹೀಗೆ ಭೇಟಿಯಾಗುವ ವೃದ್ಧರನ್ನು "ಕೋಚ್" ಅಂತಲೇ ಕರೆಯುತ್ತಿದ್ದರು. ನನಗೆ ಈ ಹೆಸರು ತುಂಬಾ ಇಷ್ಟ, ನನ್ನ ಹೊಟ್ಟೆಪಾಡಿಗೆ ಅಪಾಯ ಇದ್ದರೂ. ಓಡುವವರು ಉಪಕಾರ ಮಾಡುತ್ತಿದ್ದಾರೆ, ಅಜ್ಜ ಪಡೆಯುತ್ತಿದ್ದಾರೆ ಅನ್ನುವ ಲೆಕ್ಕ ಅಲ್ಲಿಲ್ಲ. ಓಡಿಸುವವರೇ ಅಜ್ಜ.

ಹಾಗಾದರೆ ಕೇಳುವವರನ್ನು ಎಲ್ಲಿ ಹುಡುಕೋದು? ಮೊದಲ ಎರಡು ವಾರ ಕೆಲಸವನ್ನೇ ಮಾಡಬೇಡಿ. ಕೆರೆಯ ಸುತ್ತು ಬಿಟ್ಟು ನಿಮ್ಮ ಬಡಾವಣೆಯ ಅಡ್ಡರಸ್ತೆಗಳಲ್ಲಿ ನಿಧಾನವಾಗಿ ಓಡಿ. ಬೆಳಿಗ್ಗೆ ಐದೂವರೆಯಿಂದ ಏಳರವರೆಗೆ ಬೀದಿಯಲ್ಲಿ ಏನೇನು ನಡೆಯುತ್ತದೆ ಅಂತ ನೋಡಿ. ಹಾಲಿನವರು, ಪೇಪರ್ ಹುಡುಗರು, ಹೂ ಮಾರುವವರು, ಕಸದ ಗಾಡಿಯವರು, ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರು. ಊರಿನ ಒಳಗಿನ ಲೆಕ್ಕ ಇವರಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ. ಯಾರ ಮನೆ ಬಾಗಿಲಲ್ಲಿ ಹಾಲಿನ ಪ್ಯಾಕೆಟ್ ಹತ್ತು ಗಂಟೆಯಾದರೂ ಹಾಗೇ ಬಿದ್ದಿರುತ್ತದೆ ಅನ್ನುವುದು ಹಾಲಿನವನಿಗೆ ಗೊತ್ತಿರುತ್ತದೆ. ನಿಂತು ಎರಡು ಮಾತಾಡಿ. ಪೇಸ್ (ಓಟದ ವೇಗ) ಕೆಟ್ಟರೆ ಕೆಡಲಿ.

ಈಗ ಒಂದೊಂದಾಗಿ ಕೆಲಸಗಳ ವಿಷಯ. ಎಲ್ಲವನ್ನೂ ನೀವು ಮಾಡಬೇಕಿಲ್ಲ, ಒಂದು ಸಾಕು.

ಪ್ಲಾಗಿಂಗ್ ಬಿಡಬೇಕು ಅಂತ ನಾನು ಹೇಳ್ತಿಲ್ಲ. ಈ ಪದವೇ ಸ್ವೀಡನ್ನಿನದು. "ಪ್ಲೊಕ್ಕಾ ಉಪ್" ಅಂದರೆ ಹೆಕ್ಕು, ಅದಕ್ಕೆ ಜಾಗಿಂಗ್ ಸೇರಿತು. ಎರಿಕ್ ಆಲ್‌ಸ್ಟ್ರೋಮ್ ಎಂಬುವರು 2016ರಲ್ಲಿ ಸ್ಟಾಕ್‌ಹೋಮಿನಲ್ಲಿ ಇದನ್ನು ಒಂದು ಅಭ್ಯಾಸವಾಗಿ ಶುರು ಮಾಡಿದರು. ನಮ್ಮ ದೇಶದಲ್ಲಿ ಗಾಂಧೀಜಿಯ 150ನೇ ಜಯಂತಿಯಂದು, 2019ರ ಅಕ್ಟೋಬರ್ 2ಕ್ಕೆ, ಫಿಟ್ ಇಂಡಿಯಾ ಹೆಸರಲ್ಲಿ ದೊಡ್ಡದಾಗಿ ಪ್ಲಾಗಿಂಗ್ ನಡೆಯಿತು. ಆಮೇಲೆ ಪ್ರತಿ ಕಾಲೇಜು, ಪ್ರತಿ ಕಂಪನಿಯೂ ಒಂದು ದಿನ ಮಾಡಿ ಫೋಟೋ ಹಾಕಿತು. ಒಂದು ದಿನದ ಕಾರ್ಯಕ್ರಮವಾಗಿ ನನಗೆ ಅದರಲ್ಲಿ ನಂಬಿಕೆ ಕಡಿಮೆ. ಅದೇ ನಾಲ್ಕು ಜನ, ಅದೇ ಒಂದು ಕಿಲೋಮೀಟರ್ ರಸ್ತೆಯನ್ನು, ವಾರ ವಾರ ಮಾಡಿದರೆ ನಂಬುತ್ತೇನೆ. ಮೂರನೇ ವಾರಕ್ಕೆ ಕಸ ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗುತ್ತದೆ. ಬೇಕರಿ ಮುಂದೆ ಡಬ್ಬ ಇಲ್ಲ, ಅದಕ್ಕೇ ಲೋಟಗಳು. ಇಂಥ ತಿರುವಿನಲ್ಲಿ ಬೀದಿದೀಪ ಕೆಟ್ಟಿದೆ, ಅದಕ್ಕೇ ರಾತ್ರಿ ಚೀಲ ಎಸೆದು ಹೋಗುತ್ತಾರೆ. ಬೇಕರಿಯವರಿಗೆ ಹೇಳಿ ಒಂದು ಡಬ್ಬ ಇಡಿಸಿದರೆ ಐವತ್ತು ವಾರ ಲೋಟ ಹೆಕ್ಕುವುದು ತಪ್ಪುತ್ತದೆ.

ಪ್ಲಾಗಿಂಗ್‌ನಲ್ಲಿ ಕೆಲವು ವಿಷಯಕ್ಕೆ ನಾನು ಕಟ್ಟುನಿಟ್ಟು. ಗ್ಲೌಸ್ ಇಲ್ಲದೆ ಇಳಿಯಬಾರದು. ತೆಳು ಗ್ಲೌಸ್ ಸಾಲದು, ತೋಟದ ಕೆಲಸಕ್ಕೆ ಹಾಕುವ ದಪ್ಪ ಗ್ಲೌಸ್ ಬೇಕು. ಸೂಜಿ, ಸಿರಿಂಜ್, ಒಡೆದ ಬಾಟಲಿ ಕಂಡರೆ ಮುಟ್ಟಬೇಡಿ. ಜಾಗ ಗುರುತು ಮಾಡಿ ಪಾಲಿಕೆಯವರಿಗೆ ತಿಳಿಸಿ. ಬಳಸಿದ ಪ್ಯಾಡ್, ಡೈಪರ್ ಕೂಡ ನಿಮ್ಮ ಕೆಲಸವಲ್ಲ. ತುಂಬಿದ ಚೀಲದ ಒಳಗೆ ಕೈ ಹಾಕಿ ಒತ್ತಬೇಡಿ, ಗಾಜು ಚುಚ್ಚುವುದು ಆಗಲೇ. ಒಣ ಕಸವನ್ನು ಮಾತ್ರ ಎತ್ತಿ: ಬಾಟಲಿ, ಕವರ್, ಹಾಲಿನ ಪ್ಯಾಕೆಟ್, ರಟ್ಟು. ಕೊಳೆತದ್ದನ್ನು ಅದಕ್ಕೆ ಸೇರಿಸಿದರೆ ಇಡೀ ಚೀಲ ಕೆಡುತ್ತದೆ, ಆಮೇಲೆ ಅದನ್ನು ವಿಂಗಡಿಸುವವರ ಕೈ ಹೊಲಸಾಗುತ್ತದೆ. ಮೈಸೂರಿನಲ್ಲಿ ಕುಂಬಾರಕೊಪ್ಪಲಿನಂಥ ಕಡೆ ಕಸ ವಿಂಗಡಿಸುವ ಘಟಕಗಳಿವೆ. ಒಂದು ದಿನ ಹೋಗಿ ನೋಡಿ ಬನ್ನಿ. ಅಲ್ಲಿ ಕೂತು ವಿಂಗಡಿಸುವವರ ಹತ್ತಿರ ಅರ್ಧ ಗಂಟೆ ಮಾತಾಡಿದರೆ ಏನು ಎತ್ತಬೇಕು, ಏನು ಬಿಡಬೇಕು ಅಂತ ನನಗಿಂತ ಚೆನ್ನಾಗಿ ಹೇಳಿಕೊಡುತ್ತಾರೆ. ಮುಖ್ಯವಾಗಿ, ಚೀಲ ಕಟ್ಟುವ ಮೊದಲೇ ಗಾಡಿ ಎಷ್ಟು ಹೊತ್ತಿಗೆ ಬರುತ್ತದೆ ಅಂತ ಕೇಳಿಕೊಂಡಿರಿ. ಚೀಲ ನಿಮ್ಮ ಕೈಯಿಂದ ನೇರ ಗಾಡಿಗೆ ಹೋಗಬೇಕು. 2016ರ ಸ್ವಚ್ಛ ಸರ್ವೇಕ್ಷಣದಲ್ಲಿ ನಿಮ್ಮ ಊರು ದೇಶಕ್ಕೇ ಮೊದಲು ಬಂದದ್ದು ಇಂಥ ಗಾಡಿಯವರ ದುಡಿಮೆಯಿಂದ ಅಲ್ವಾ, ಅವರ ಹೊತ್ತಿಗೆ ನೀವು ಹೊಂದಿಕೊಳ್ಳಿ.

ಕುಕ್ಕರಹಳ್ಳಿ ಕೆರೆ ವಿಷಯದಲ್ಲಿ ಇನ್ನೊಂದು ಮಾತು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಅಲ್ಲಿ ಗೂಡು ಕಟ್ಟುತ್ತವೆ. ಕಸ ಎತ್ತುವ ಹುರುಪಿನಲ್ಲಿ ನೀರಿನ ಅಂಚಿಗೆ ಇಳಿದು ಗದ್ದಲ ಮಾಡಬೇಡಿ. ಕೆರೆ ವಿಶ್ವವಿದ್ಯಾಲಯದ ಸುಪರ್ದಿಯಲ್ಲಿದೆ, ಅವರನ್ನು ಕೇಳದೆ ಅಲ್ಲಿ ಏನೂ ಶುರು ಮಾಡಬೇಡಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಗೈಡ್ ರನ್ನಿಂಗ್. ಕಣ್ಣು ಕಾಣದವರ ಜೊತೆ ಓಡುವುದು. ಓಟ ಬಲ್ಲವರೇ ಮಾಡಬೇಕಾದ ಕೆಲಸ ಇದು, ಬೇರೆ ಯಾರು ಬಂದರೂ ಆಗುವುದಿಲ್ಲ. ಕಸ ಎತ್ತಲು, ಗಿಡಕ್ಕೆ ನೀರು ಹಾಕಲು ನಿಮ್ಮ ಮೂರು ವರ್ಷದ ಅಭ್ಯಾಸ ಬೇಕಿಲ್ಲ. ಇದಕ್ಕೆ ಬೇಕು.

ಚಿಕ್ಕಮಗಳೂರಿನ ರಕ್ಷಿತಾ ರಾಜು ಅವರ ಹೆಸರು ಕೇಳಿರುತ್ತೀರಿ. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಪ್ಯಾರಾ ಗೇಮ್ಸ್‌ನ 1500 ಮೀಟರ್ ಟಿ11 ಓಟದಲ್ಲಿ ಚಿನ್ನ ಗೆದ್ದವರು, 2024ರಲ್ಲಿ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲೂ ಓಡಿದವರು. ಟಿ11 ಅಂದರೆ ದೃಷ್ಟಿ ಪೂರ್ತಿ ಇಲ್ಲದವರ, ಅಥವಾ ಇಲ್ಲವೆನ್ನುವಷ್ಟು ಕಡಿಮೆ ಇರುವವರ ವಿಭಾಗ. ಎಲ್ಲರೂ ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಓಡಬೇಕು. ರಕ್ಷಿತಾ ಅವರ ಓಟದ ವಿಡಿಯೊ ಸಿಕ್ಕರೆ ಪಕ್ಕದಲ್ಲಿ ಓಡುವ ಗೈಡ್ ರಾಹುಲ್ ಬಾಲಕೃಷ್ಣ ಅವರನ್ನು ನೋಡಿ. ಇಬ್ಬರ ಕೈಗೂ ಒಂದು ಗೇಣುದ್ದದ ಪಟ್ಟಿ. ಗೈಡ್ ಎಳೆಯುವ ಹಾಗಿಲ್ಲ, ತಳ್ಳುವ ಹಾಗಿಲ್ಲ. ಗೆರೆ ದಾಟುವಾಗ ಓಟಗಾರ್ತಿಯೇ ಮುಂದಿರಬೇಕು. ಗೈಡ್ ಮೊದಲು ದಾಟಿದರೆ ಓಟಗಾರ್ತಿ ಅನರ್ಹ.

ಊರಿನ ಮಟ್ಟದಲ್ಲಿ ಇಷ್ಟು ಕಟ್ಟುಪಾಡಿಲ್ಲ. ಬಟ್ಟೆಯ ಪಟ್ಟಿಯನ್ನೋ ಹಳೇ ಶೂ ಲೇಸನ್ನೋ ಎರಡು ಕುಣಿಕೆ ಬರುವ ಹಾಗೆ ಕಟ್ಟಿದರೆ ಆಯ್ತು. ಒಂದು ಕುಣಿಕೆ ಅವರ ಬೆರಳಿಗೆ, ಇನ್ನೊಂದು ನಿಮ್ಮ ಬೆರಳಿಗೆ. ಒಳಗಿನ ಎರಡೂ ಕೈಗಳು ಒಟ್ಟಿಗೆ ಹಿಂದೆ ಮುಂದೆ ಹೋಗಬೇಕು. ಕಷ್ಟ ಇರುವುದು ಬಾಯಿಯಲ್ಲಿ. ನಾನು ಮೊದಲ ಸಲ ಒಬ್ಬ ಕಾಲೇಜು ಹುಡುಗನ ಜೊತೆ ಓಡಿದಾಗ ರಸ್ತೆ ಹಂಪ್ ಬಂತು, "ಹಂಪ್!" ಅಂದೆ. ಅಷ್ಟರಲ್ಲಿ ಅವನು ಎಡವಿ ಆಗಿತ್ತು. ಅದೃಷ್ಟಕ್ಕೆ ಬೀಳಲಿಲ್ಲ. "ಸಾರ್, ಹಂಪ್ ಮೇಲೆ ನಿಂತು ಹಂಪ್ ಅಂದ್ರೆ ಏನ್ ಮಾಡ್ಲಿ? ಮುಂಚೆ ಹೇಳಿ, ಆಮೇಲೆ ಎಣಿಸಿ" ಅಂದ. ಆವತ್ತಿಂದ ಹಾಗೇ: "ಮುಂದೆ ಹಂಪ್ ಇದೆ, ಮೂರು, ಎರಡು, ಒಂದು, ಕಾಲೆತ್ತು." ತಿರುವಾದರೆ "ಸ್ವಲ್ಪ ಎಡಕ್ಕೆ" ಅನ್ನಬೇಕೋ, "ಪೂರ್ತಿ ಎಡಕ್ಕೆ" ಅನ್ನಬೇಕೋ ಮೊದಲೇ ಮಾತಾಡಿಕೊಂಡಿರಬೇಕು. ತಲೆಯ ಮಟ್ಟಕ್ಕೆ ಬರುವ ಕೊಂಬೆ ನಮ್ಮ ಊರುಗಳಲ್ಲಿ ತುಂಬಾ. ಅವರು ಕುಳ್ಳಗಿದ್ದು ನೀವು ಎತ್ತರ ಇದ್ದರೆ ಪರವಾಗಿಲ್ಲ, ನಿಮಗೇ ಕಾಣುತ್ತದೆ. ಉಲ್ಟಾ ಆದರೆ ಮರೆತೇ ಹೋಗುತ್ತದೆ. ದಾರಿಯಲ್ಲಿ ಏನು ಕಾಣುತ್ತಿದೆ ಅಂತಲೂ ಹೇಳಿ, ಅವರಿಗೆ ಇಷ್ಟವಿದ್ದರೆ. ಕೆಲವರಿಗೆ ಹರಟೆ ಬೇಕು, ಕೆಲವರಿಗೆ ಸುಮ್ಮನೆ ಓಡಬೇಕು.

ಇಷ್ಟೆಲ್ಲ ಮಾತಾಡಿಕೊಂಡು ಓಡಬೇಕು ಅಂದರೆ ಅವರ ವೇಗ ನಿಮಗೆ ಆರಾಮಾಗಿರಬೇಕು. ನಿಮ್ಮ ಈಸಿ ಪೇಸ್ (ಆರಾಮಾಗಿ ಓಡುವ ವೇಗ) ಕಿಲೋಮೀಟರಿಗೆ ಏಳೂವರೆ ನಿಮಿಷ ಆದರೆ ಎಂಟೋ ಎಂಟೂವರೆಯೋ ಓಡುವವರ ಜೊತೆ ಶುರು ಮಾಡಿ. ಮೊದಲು ನಿಮ್ಮ ಗೆಳತಿಯರಲ್ಲೇ ಒಬ್ಬರ ಕಣ್ಣಿಗೆ ದುಪಟ್ಟಾ ಕಟ್ಟಿ ಮೈದಾನದಲ್ಲಿ ನಡೆಸಿ. ಆಮೇಲೆ ನೀವು ಕಟ್ಟಿಸಿಕೊಳ್ಳಿ. ಹತ್ತು ಹೆಜ್ಜೆಯಲ್ಲೇ ಗೊತ್ತಾಗುತ್ತದೆ, ಪಕ್ಕದವರು ಒಂದು ಕ್ಷಣ ಮಾತು ನಿಲ್ಲಿಸಿದರೆ ಎಷ್ಟು ಭಯ ಆಗುತ್ತದೆ ಅಂತ. ನಿಮ್ಮೂರಿನ ತಿಲಕ್ ನಗರದಲ್ಲಿ ಅಂಧ ಮಕ್ಕಳ ಸರ್ಕಾರಿ ಶಾಲೆ ಇದೆ. ನೀವೂ ಟೀಚರ್ ಆದ್ದರಿಂದ ಮುಖ್ಯೋಪಾಧ್ಯಾಯರ ಹತ್ತಿರ ಹೇಗೆ ಮಾತಾಡಬೇಕು ಅಂತ ನಾನು ಹೇಳಬೇಕಾಗಿಲ್ಲ. ಬರಹದಲ್ಲಿ ಒಪ್ಪಿಗೆ, ಶಾಲೆಯವರೊಬ್ಬರು ಮೈದಾನದಲ್ಲಿ, ಮಗುವಿನ ಜೊತೆ ಒಬ್ಬರೇ ಎಲ್ಲೂ ಹೋಗುವ ಹಾಗಿಲ್ಲ, ಫೋಟೋ ಇಲ್ಲ. ದೊಡ್ಡವರ ಜೊತೆ ಓಡುವುದಾದರೆ ಇದು ಇನ್ನೂ ಸುಲಭ. ಸಹಾಯ ಬೇಕಾ ಅಂತ ಅವರನ್ನೇ ಕೇಳಿ, ತೋಳು ಹಿಡಿದು ಎಳೆಯಬೇಡಿ, ಅಷ್ಟು ಸಾಕು.

ಇನ್ನು ವಯಸ್ಸಾದವರ ಮನೆ. ನಿಮ್ಮ ಬಡಾವಣೆಯಲ್ಲೂ ಮಕ್ಕಳು ಅಮೆರಿಕಕ್ಕೋ ಬೆಂಗಳೂರಿಗೋ ಹೋಗಿ ಗಂಡ ಹೆಂಡತಿ ಇಬ್ಬರೇ ಇರುವ ಮನೆಗಳು ಇದ್ದೇ ಇರುತ್ತವೆ. ಇಲ್ಲಿ ಬೇಕಾದದ್ದು ತುಂಬಾ ಸಣ್ಣ ಕೆಲಸ. ಮೆಡಿಕಲ್ ಶಾಪಿನಿಂದ ಬಿಪಿ ಮಾತ್ರೆ. ಮೇಲಿನ ಅಟ್ಟದಿಂದ ಒಂದು ಡಬ್ಬ ಇಳಿಸುವುದು. ಗ್ಯಾಸ್ ಸಿಲಿಂಡರ್ ಒಳಗೆ ಉರುಳಿಸುವುದು. ಬಲ್ಬ್ ಬದಲಿಸುವುದು, ಏಕೆಂದರೆ ಎಪ್ಪತ್ತೈದರ ಮೇಲೆ ಸ್ಟೂಲ್ ಹತ್ತಿ ಬಿದ್ದರೆ ತೊಡೆಮೂಳೆ ಮುರಿಯಬಹುದು. ನವೆಂಬರ್ ಬಂದರೆ ಪಿಂಚಣಿಯವರಲ್ಲಿ ಅನೇಕರಿಗೆ ಲೈಫ್ ಸರ್ಟಿಫಿಕೇಟ್ ಚಿಂತೆ. ಈಗ ಅದನ್ನು ಫೋನಿನಲ್ಲೇ ಮುಖ ತೋರಿಸಿ ಮಾಡಬಹುದು. ನಿಮಗೆ ಹತ್ತು ನಿಮಿಷದ ಕೆಲಸ, ಅವರಿಗೆ ಆಟೋ ಹಿಡಿದು ಬ್ಯಾಂಕಿಗೆ ಹೋಗುವುದು ತಪ್ಪುತ್ತದೆ. ಓಟ ಇಲ್ಲಿ ಬರೀ ಹೋಗುವ ದಾರಿ. ಎರಡು ಕಿಲೋಮೀಟರ್ ಓಡಿ, ಕೆಲಸ ಮುಗಿಸಿ, ಒಂದು ಲೋಟ ಕಾಫಿ ಕುಡಿದು, ವಾಪಸ್ ಓಡಿ ಬರುವುದು. ಕಾಫಿ ಬೇಡ ಅನ್ನಬೇಡಿ. ಒಂದು ಲೋಟ ಕಾಫಿ ಕೊಟ್ಟರೆ ಅವರಿಗೂ ಋಣ ತೀರಿದ ಹಾಗೆ ಇರುತ್ತದೆ.

ಇಲ್ಲೂ ಕೆಲವು ಗೆರೆಗಳು ಬೇಕು. ಯಾವಾಗಲೂ ಇಬ್ಬರು ಹೋಗಿ. ದೂರದಲ್ಲಿರುವ ಮಗನಿಗೋ ಮಗಳಿಗೋ ಒಂದು ಸಲ ಫೋನಿನಲ್ಲಿ ಪರಿಚಯ ಮಾಡಿಕೊಳ್ಳಿ. ಎಟಿಎಂ ಕಾರ್ಡ್ ಮುಟ್ಟಬೇಡಿ, ಅವರೇ ಬಲವಂತ ಮಾಡಿದರೂ. ಒಟಿಪಿ ಬರುವ ಯಾವ ಕೆಲಸವನ್ನೂ ಮನೆಯವರಿಗೆ ತಿಳಿಸದೆ ಮಾಡಬೇಡಿ. ಯಾವ ಮಾತ್ರೆ ನಿಲ್ಲಿಸಬೇಕು, ಯಾವುದು ತಗೋಬೇಕು ಅಂತ ಸಲಹೆ ಬೇಡವೇ ಬೇಡ. ನಿಮ್ಮ ಕೈಮೀರಿದ್ದು ಅನಿಸಿದರೆ 14567 ಇದೆ, ಹಿರಿಯ ನಾಗರಿಕರ ಸಹಾಯವಾಣಿ, ಉಚಿತ. ಬರಲಾಗದ ದಿನ ಹಿಂದಿನ ಸಂಜೆಯೇ ಹೇಳಿ. ಬೆಳಿಗ್ಗೆ ಆರರಿಂದ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕಾಯುವವರು ಇರ್ತಾರೆ. ಅವರನ್ನು ಕಾಯಿಸಿ ಹೋಗದೆ ಇರುವುದಕ್ಕಿಂತ ಮೊದಲೇ ಒಪ್ಪದೆ ಇರುವುದು ವಾಸಿ.

ಗಿಡಗಳ ವಿಷಯ ಚುಟುಕಾಗಿ ಹೇಳ್ತೀನಿ. ಜೂನ್‌ನಲ್ಲಿ ನೆಡುವವರು ಸಾವಿರ ಜನ, ಮಾರ್ಚ್‌ನಲ್ಲಿ ನೀರು ಹಾಕುವವರು ಇಲ್ಲ. ಹೊಸದಾಗಿ ನೆಡಬೇಡಿ. ನೆಟ್ಟದ್ದನ್ನು ಉಳಿಸಿ. ಬಕೆಟ್ ಹಿಡಿದು ಓಡಲಾಗುವುದಿಲ್ಲ, ಅದಕ್ಕೆ ಗಿಡದ ಎದುರಿನ ಮನೆಯವರನ್ನು ಒಪ್ಪಿಸಿ, ಪೈಪು ಅವರದು, ಕೈ ನಿಮ್ಮದು. ಓಡುವಾಗ ಸೊಂಟದ ಪೌಚಿನಲ್ಲಿ ಒಂದು ಸಣ್ಣ ಕತ್ತರಿ ಇಟ್ಟುಕೊಳ್ಳಿ. ಗಿಡಕ್ಕೆ ಆಸರೆ ಕೋಲು ಕಟ್ಟಿದ ಪ್ಲಾಸ್ಟಿಕ್ ದಾರ ಎರಡನೇ ವರ್ಷಕ್ಕೆ ಕಾಂಡವನ್ನೇ ಕೊಯ್ಯುತ್ತದೆ. ಅದನ್ನು ಕತ್ತರಿಸಿ, ಬಟ್ಟೆ ಪಟ್ಟಿಯಲ್ಲಿ ಸಡಿಲವಾಗಿ ಕಟ್ಟಿದರೆ ಆ ಗಿಡ ಬದುಕಿತು.

ಬೆಳಗಿನ ಜಾವ ಓಡುವವರಿಗೆ ಮಾತ್ರ ಕಾಣುವ ಇನ್ನೊಂದು ಇದೆ: ಉರಿಯದ ಬೀದಿದೀಪ, ಕಿತ್ತುಹೋದ ಚರಂಡಿ ಚಪ್ಪಡಿ, ಜೋತುಬಿದ್ದ ವೈರ್. ಕಂಬದ ಮೇಲೆ ಬಣ್ಣದಲ್ಲಿ ನಂಬರ್ ಬರೆದಿರುತ್ತಾರೆ. "ಪಾರ್ಕ್ ಹತ್ತಿರದ ಕಂಬ" ಅಂದರೆ ಯಾರೂ ಹುಡುಕಿ ಬರುವುದಿಲ್ಲ, ನಂಬರ್ ಸಮೇತ ಹೇಳಿದರೆ ಕೆಲಸ ಬೇಗ ಆಗುತ್ತದೆ. ಬೀದಿದೀಪ, ಚಪ್ಪಡಿ ಪಾಲಿಕೆಗೆ. ವೈರ್ ಹರಿದು ಬಿದ್ದಿದ್ದರೆ ದೂರ ನಿಂತು ತಕ್ಷಣ 1912ಕ್ಕೆ ಫೋನ್ ಮಾಡಿ, ಅದು ವಿದ್ಯುತ್ ಕಂಪನಿಯದು. ಇದಕ್ಕೆ ಗುಂಪೂ ಬೇಡ, ಗ್ಲೌಸೂ ಬೇಡ.

ಈಗ ನಿಮ್ಮ ಪ್ರ್ಯಾಕ್ಟೀಸ್. ವಾರಕ್ಕೆ ನಾಲ್ಕು ದಿನ ಅಂದಿರಿ. ಹಾಫ್ ಮ್ಯಾರಥಾನ್ ಅಂದರೆ 21.1 ಕಿಲೋಮೀಟರ್. ಅದಕ್ಕೆ ನಿಮ್ಮ ವಾರದಲ್ಲಿ ಒಂದು ಲಾಂಗ್ ರನ್ (ವಾರದ ಎಲ್ಲಕ್ಕಿಂತ ಉದ್ದದ ಓಟ), ಒಂದು ವೇಗದ ದಿನ, ಎರಡು ಈಸಿ ರನ್ ಇರಬೇಕು. ಸೇವೆಯ ಕೆಲಸವನ್ನು ಈಸಿ ರನ್‌ಗೆ ಮಾತ್ರ ಸೇರಿಸಿ. ಲಾಂಗ್ ರನ್ ಭಾನುವಾರ ಇಟ್ಟುಕೊಂಡಿದ್ದರೆ ಕೆಲಸ ಬುಧವಾರವೋ ಗುರುವಾರವೋ ಇರಲಿ. ಭಾನುವಾರವೇ ಕೆಲಸ ಮಾಡಬೇಕು ಅನ್ನುವ ಹಟದಿಂದಲೇ ಎಷ್ಟೋ ಗುಂಪು ಮುರಿಯುತ್ತವೆ. ಆ ದಿನ ಎಲ್ಲರಿಗೂ ಲಾಂಗ್ ರನ್ ಇರುತ್ತದೆ, ಮದುವೆ ಇರುತ್ತದೆ, ಮನೆಗೆ ನೆಂಟರು ಬರುತ್ತಾರೆ.

ಈಸಿ ರನ್ ಅಂದರೆ ಪೂರ್ತಿ ವಾಕ್ಯ ಮಾತಾಡಿಕೊಂಡು ಓಡಬಲ್ಲ ವೇಗ. ಹೆಚ್ಚಿನವರು ಈಸಿ ದಿನವನ್ನು ಜಾಸ್ತಿ ಜೋರಾಗಿ ಓಡಿ, ವೇಗದ ದಿನಕ್ಕೆ ಸುಸ್ತಾಗಿ ಬರುತ್ತಾರೆ. ನಿಂತು ನಿಂತು ಹೋಗುವ ಕೆಲಸ ಇದ್ದರೆ ಆ ಚಟ ತಾನಾಗೇ ಕಡಿಮೆ ಆಗುತ್ತದೆ. ನಮ್ಮ ಗುಂಪಿನಲ್ಲಿ ಹೀಗೆ ವೇಗ ಸುಧಾರಿಸಿದವರು ನಾಲ್ಕೈದು ಜನ ಇದ್ದಾರೆ. ಅರ್ಧ ಗಂಟೆ ಕೆಲಸ ಮಾಡಿ ಮೈ ತಣ್ಣಗಾದ ಮೇಲೆ ಒಮ್ಮೆಲೇ ಓಡಲು ಹೋಗಬೇಡಿ. ಐದು ನಿಮಿಷ ಬೀಸುನಡಿಗೆ, ಆಮೇಲೆ ಓಟ. ಮೀನಖಂಡ ಹಿಡಿದುಕೊಳ್ಳುವುದು ಆ ಮೊದಲ ನೂರು ಮೀಟರಿನಲ್ಲೇ. ಲಾಂಗ್ ರನ್ ಆದ ದಿನ ಸಿಲಿಂಡರ್, ಕಲ್ಲು, ಮಣ್ಣಿನ ಬುಟ್ಟಿ ಏನೂ ಎತ್ತಬೇಡಿ. ರೇಸಿಗೆ ಮೂರು ವಾರ ಇರುವಾಗ ಕೆಲಸ ಅರ್ಧಕ್ಕೆ ಇಳಿಸಿ, ಪೂರ್ತಿ ನಿಲ್ಲಿಸಬೇಡಿ. ಅಜ್ಜಿಗೆ ನಿಮ್ಮ ರೇಸಿನ ತಾರೀಖು ಹೇಳಿಟ್ಟಿರಿ, ಆವತ್ತು ದೇವರ ಮುಂದೆ ಒಂದು ದೀಪ ಜಾಸ್ತಿ ಹಚ್ತಾರೆ.

ಗಾಯವಾಗಿ ಓಡಲಾಗದ ತಿಂಗಳುಗಳೂ ಬರುತ್ತವೆ. ಪಾರ್ಕ್‌ರನ್ ಅನ್ನುವ ವಾರದ ಓಟ ಹುಟ್ಟಿದ್ದೇ ಹಾಗೆ. 2004ರ ಅಕ್ಟೋಬರ್ 2ರಂದು ಲಂಡನ್ನಿನ ಬುಶಿ ಪಾರ್ಕಿನಲ್ಲಿ 13 ಜನ 5 ಕಿಲೋಮೀಟರ್ ಓಡಿದರು. ಅದನ್ನು ಶುರು ಮಾಡಿದ ಪಾಲ್ ಸಿಂಟನ್-ಹೆವಿಟ್ ಆಗ ಗಾಯದಿಂದ ಓಡುವ ಹಾಗಿರಲಿಲ್ಲ. ಗೆಳೆಯರ ಜೊತೆ ಇರಬೇಕು ಅನ್ನುವ ಆಸೆಗೆ ಅವರ ಸಮಯ ಬರೆದುಕೊಳ್ಳುವ ಕೆಲಸ ಹಿಡಿದರು. ಓಟ ಮುಗಿಸಿದವರಿಗೆ ಟೋಕನ್ ಅಂತ ಕೊಡುತ್ತಿದ್ದದ್ದು ಹಾರ್ಡ್‌ವೇರ್ ಅಂಗಡಿಯ ವಾಶರ್, ಅದರ ಮೇಲೆ ನಂಬರ್ ಒತ್ತಿ. ಇವತ್ತು ಹಲವು ದೇಶಗಳಲ್ಲಿ ಅದು ಶನಿವಾರ ಶನಿವಾರ ಪುಕ್ಕಟೆಯಾಗಿ ನಡೆಯುತ್ತದೆ, ನಡೆಸುವವರೆಲ್ಲ ಸ್ವಯಂಸೇವಕರು. ಅದರಲ್ಲಿ ಒಂದು ಕೆಲಸ ನನಗೆ ಬಹಳ ಹಿಡಿಸಿದ್ದು: ಎಲ್ಲರಿಗಿಂತ ಹಿಂದೆ ನಡೆಯುವ ಒಬ್ಬರು ಇರುತ್ತಾರೆ, ಓಡಲು ಬಂದವರು ಯಾರೂ ಕೊನೆಯವರಾಗಬಾರದು ಅಂತ. ನೀವು ಐದು ಜನ ಹೊಸಬರನ್ನು ಸೇರಿಸಿಕೊಂಡರೆ ಆ ಜಾಗದಲ್ಲಿ ಒಬ್ಬರು ಇರಲೇಬೇಕು. ನಿಮ್ಮಲ್ಲಿ ಯಾರು ವೇಗವಾಗಿ ಓಡುತ್ತಾರೋ ಅವರೇ ಇರಲಿ.

ಐದು ಜನ ಸಾಕಾ ಅನ್ನುವ ಅನುಮಾನ ಬೇಡ, ಸಾಕು. ವಾಟ್ಸಾಪ್ ಗುಂಪು ಮಾಡಿ ಇನ್ನೂರು ಜನ ಸೇರಿಸಬೇಡಿ. ಬ್ಯಾನರ್ ಬೇಡ, ಟೀ ಶರ್ಟ್ ಒಂದು ವರ್ಷ ಆದ ಮೇಲೆ ನೋಡೋಣ. ಒಂದು ಕೆಲಸ, ಒಂದು ದಿನ, ಒಂದು ಹೊತ್ತು. ಮೂವರು ಬಂದರೂ ನಡೆಯುವಂಥ ಅಳತೆಯ ಕೆಲಸ ಹಿಡಿಯಿರಿ. ನಿಮ್ಮ ಶಾಲೆಗೆ ಪರೀಕ್ಷೆ ಬಂದಾಗ ಯಾರು ನೋಡಿಕೊಳ್ಳುತ್ತಾರೆ ಅನ್ನುವುದನ್ನು ಈಗಲೇ ಮಾತಾಡಿಕೊಳ್ಳಿ.

ಕೊನೆಗೆ ನಿಮ್ಮತ್ತೆಯವರ ಪ್ರಶ್ನೆ. ಅದಕ್ಕೆ ನೀವು ಉತ್ತರ ಹುಡುಕುತ್ತಿದ್ದೀರಿ, ನನಗೇನೋ ಅವರನ್ನೇ ಕೆಲಸಕ್ಕೆ ಹಚ್ಚುವುದು ಒಳ್ಳೆಯದು ಅನಿಸುತ್ತದೆ. ದೇವಸ್ಥಾನ, ಭಜನೆ, ಅರಿಶಿನ ಕುಂಕುಮ ಅಂತ ಓಡಾಡುವವರಿಗೆ ಯಾವ ಮನೆಯಲ್ಲಿ ಯಾರು ಒಂಟಿ, ಯಾರಿಗೆ ಮಂಡಿನೋವು, ಯಾರ ಮಗ ಫೋನ್ ಎತ್ತುವುದಿಲ್ಲ ಅಂತ ಎಲ್ಲ ಗೊತ್ತಿರುತ್ತದೆ. ಹಾಲಿನವನಿಗಿಂತ ಜಾಸ್ತಿ. ಇವತ್ತು ಸಂಜೆ ಕಾಫಿ ಹೊತ್ತಿಗೆ ಪೆನ್ನು ಪೇಪರ್ ಹಿಡಿದು ಅವರ ಪಕ್ಕ ಕೂತು, "ಅತ್ತೆ, ನಮ್ಮ ರೋಡಲ್ಲಿ ಬೆಳಿಗ್ಗೆ ಹೊತ್ತು ಯಾರಿಗೆ ಏನು ಬೇಕಾಗಿರುತ್ತೆ?" ಅಂತ ಕೇಳಿ. ಮೂರು ಹೆಸರು ಬರೆದುಕೊಳ್ಳಿ. ಮೊದಲ ದಿನ ಆ ಮನೆಗಳಿಗೆ ಅವರನ್ನೂ ಕರೆದುಕೊಂಡು ಹೋಗಿ ಪರಿಚಯ ಮಾಡಿಸಿ. ಆವತ್ತೊಂದು ದಿನ ಓಡಬೇಡಿ, ನಡೆದುಕೊಂಡೇ ಹೋಗಿ.